ದೋಣಿಯ ನಾಲ್ಕು ಕಿಟಕಿ

ಏಪ್ರಿಲ್ 27, ಭಾನುವಾರ

ಇವರು ಏಣಿಯಿಂದ ಬಿದ್ದರು. ಬಲಗೈ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ. ಎಲ್ಲಿಂದ ಬಿದ್ದರು ಎಂದು ಡಾಕ್ಟರು ಕೇಳಿದಾಗ ದೋಣಿಯಿಂದ ಎಂದು ನಾನೇ ಹೇಳಿದೆ. ಸಮುದ್ರಕ್ಕೆ ಹೋಗಿದ್ದಿರಾ ಎಂದರು. ಇಲ್ಲ, ದೋಣಿ ನೆಲದ ಮೇಲೆ ನಿಂತಿತ್ತು. ನೆಲದ ಮೇಲೆ ನಿಂತ ದೋಣಿಯಿಂದ ಬಿದ್ದು ಕೈ ಮುರಿದುಕೊಂಡ ಗಂಡಸು ಇಡೀ ಪುಣೆಯಲ್ಲಿ ಇವರೊಬ್ಬರೇ ಇರಬೇಕು.

ಮಸಾಲೆ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು, ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಕೂಗುವುದಕ್ಕೆ ಜಾಗವಿಲ್ಲ. ಕೆಳಗೆ ಹೋಟೆಲು, ಮೇಲೆ ಮನೆ. ನಾನು ಒಂದು ಮಾತು ಜೋರಾಗಿ ಆಡಿದರೆ ಕೆಳಗೆ ಇಡ್ಲಿ ತಿನ್ನುವವನು ತಲೆ ಎತ್ತಿ ನೋಡುತ್ತಾನೆ. ಮದುವೆಯಾಗಿ ಧನಕವಡಿಗೆ ಬಂದ ವಾರವೇ ಅತ್ತೆ ಹೇಳಿದ್ದರು, "ಹೋಟ್ಲಿನ್ ಹೆಂಗ್ಸಿನ್ ಸ್ವರ ಗಿರಾಕಿಗೆ ಕೇಂಬುಕಾಗ", ಕೇಳಿಸಬಾರದು ಎಂದು. ಅತ್ತೆ ಹೋದರು, ಮಾತು ಉಳಿದಿದೆ.

ಎರಡು ವರ್ಷದ ಹಿಂದೆ ಮಗ ಸುಖೇಶ್ ಗಲ್ಲೆಯಲ್ಲಿ ಕೂರಲು ಶುರುಮಾಡಿದ. ಇನ್ನು ಸ್ವಲ್ಪ ವಿಶ್ರಾಂತಿ ಎಂದು ನಾನು ಅಂದುಕೊಂಡಿದ್ದೆ. ಇವರು ಖಡಕವಾಸಲಾದ ಕೆರೆಯಲ್ಲಿ ಹಾಯಿದೋಣಿ ಕೊಂಡರು. ನನ್ನನ್ನು ಕೇಳಲಿಲ್ಲ. ಗಂಗೊಳ್ಳಿಯ ಸಮುದ್ರ ಬಿಟ್ಟು, ಎಳೆಯ ವಯಸ್ಸಿಗೇ ಲೋಟ ತೊಳೆಯಲು ಇಲ್ಲಿಗೆ ಬಂದ ಮನುಷ್ಯ, ಅರವತ್ತು ದಾಟಿದ ಮೇಲೆ ಊರವರು ಕುಡಿಯುವ ನೀರಿನಲ್ಲಿ ಹಾಯಿ ಕಟ್ಟುತ್ತಾರಂತೆ. ದೋಣಿಗೆ ಇಬ್ಬರು ಮಲಗುವಷ್ಟು ಕೋಣೆ, ಆ ಕೋಣೆಗೆ ನಾಲ್ಕು ಕಿಟಕಿ. ನಾಲ್ಕೂ ಸೋರುತ್ತವೆ. ಹೋದ ಮಳೆಗಾಲದಲ್ಲಿ ಒಳಗಿನ ಹಾಸಿಗೆಯಲ್ಲಿ ಅಣಬೆ ಎದ್ದಿತ್ತು.

ಹೋಟೆಲಿನ ಹಿಂದಿನ ನನ್ನ ಅರೆಯುವ ಕೋಣೆಗೆ ಒಂದು ಕಿಟಕಿಯೂ ಇಲ್ಲ. ಅದು ಸೋರುವುದಿಲ್ಲ, ಅಷ್ಟು ಪುಣ್ಯ.

ಇವರ ಹೆಸರು ಹಿಡಿದೇ ಬರೆಯಬೇಕು ಎನಿಸುತ್ತಿದೆ. ಸದಾನಂದ. ಬರೆದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಏಪ್ರಿಲ್ 30, ಬುಧವಾರ

ದೇವರು ಇದ್ದಾನೆ. ದೋಣಿಗೆ ಗಿರಾಕಿ ಬಂದಿದೆ.

ಅಪ್ಪಾಸಾಹೇಬರು ನಮ್ಮಲ್ಲಿ ತಿಂಡಿಗೆ ಬರುವವರು. ಕಾತ್ರಜ ಘಾಟು ದಾಟಿದ ಮೇಲೆ ಅವರ ಹೊಲ, ಹೊಲದಲ್ಲಿ ಪ್ರವಾಸಿಗಳಿಗೆ ಕಟ್ಟಿಸಿದ ಕೋಣೆಗಳು. ದೋಣಿಯನ್ನು ಹೊಲದಲ್ಲಿ ನಿಲ್ಲಿಸಿ ಅದರೊಳಗೆ ಜನ ಮಲಗುವ ಹಾಗೆ ಮಾಡುತ್ತಾರಂತೆ. ನೀರಿಗೆ ಇಳಿಯದ ದೋಣಿಗೆ ತಕ್ಕ ಯಜಮಾನ. ಒಂದೇ ಷರತ್ತು. "ಏಕ್ ಥೇಂಬ್ ಪಣ್ ಗಳತಾ ಕಾಮಾ ನಯೇ" ಎಂದು ಬೆರಳೆತ್ತಿ ಹೇಳಿದರು. ಒಂದು ಹನಿಯೂ ಸೋರಬಾರದು. ಮೊದಲ ಒಳ್ಳೆಯ ಮಳೆ ಬಿದ್ದ ದಿನ ಬಂದು ಒಳಗೆ ಕೂತು ನೋಡುತ್ತಾರೆ, ಒಣಗಿದ್ದರೆ ಒಯ್ಯುತ್ತಾರೆ.

ಇವರು ಪ್ಲಾಸ್ಟರ್ ಕೈ ನೋಡಿಕೊಳ್ಳುತ್ತಾ, ವಿಚಾರ ಮಾಡುವ, ಮಳೆ ಬರಲಿ ಎಂದು ರಾಗ ಎಳೆದರು. ಮೈ ಉರಿಯಿತು. ನಾನು ಒಳಗೆ ಹೋಗಿ ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು ಬಂದು ಅಪ್ಪಾಸಾಹೇಬರ ಕೈಗೇ ಕೊಟ್ಟೆ. ಇವರ ಮುಖ ಬೆಳ್ಳಗಾಯಿತು. ನಮ್ಮ ಕಡೆ ವೀಳ್ಯ ಕೊಟ್ಟ ಮೇಲೆ ಮಾತು ಮುಗಿಯಿತು. ಮದುವೆಯಾಗಲಿ ಗದ್ದೆಯಾಗಲಿ, ಹಿಂದೆ ಸರಿಯುವ ಹಾಗಿಲ್ಲ.

ಅಪ್ಪಾಸಾಹೇಬರಿಗೆ ಅದೇನು ಗೊತ್ತು. ಪಾನ್ ಎಂದುಕೊಂಡರು. ಸುಣ್ಣ ಕೇಳಿ ಹಚ್ಚಿ, ಮಡಚಿ ಬಾಯಿಗೆ ಹಾಕಿಕೊಂಡು ಹೋದರು.

ಮೇ 3, ಶನಿವಾರ

ಕೈ ಮುರಿದ ಗಂಡನನ್ನು ನಂಬಿದರೆ ಮಳೆ ಬಂದು ಹೋಗುತ್ತದೆ. ನಾನೇ ದೋಣಿ ನಿಂತಿರುವ ಕೆರೆ ದಡಕ್ಕೆ ಹೊರಟೆ. ಜೊತೆಗೆ ಭೀಮು. ನಮ್ಮ ಹೋಟೆಲಿನ ಬೋರ್ಡು ಮಾಡಿದವನು, ಯಾದಗಿರಿ ಕಡೆಯವನು, ಅಕ್ರಿಲಿಕ್ ಹಾಳೆ ಕತ್ತರಿಸುವುದೇ ಅವನ ಕೆಲಸ. ಅವನ ಟೆಂಪೊದಲ್ಲಿ ಹೋದೆವು.

ಎರಡು ವರ್ಷದಲ್ಲಿ ನಾನು ಆ ದೋಣಿಯ ಒಳಗೆ ಕಾಲಿಟ್ಟಿರಲಿಲ್ಲ, ಹಟ. ಇವತ್ತು ಏಣಿ ಹತ್ತಿ ಒಳಗೆ ಇಳಿದೆ. ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಹಾಳೆಗಳು ಹಳದಿಯಾಗಿ ಬಿರುಕು ಬಿಟ್ಟಿವೆ. ಅಂಚಿನ ಸುತ್ತ ಕಂದು ಬಣ್ಣದ ಅಂಟು. ಏನೆಂದು ಕೆರೆದು ಮೂಸಿದರೆ ರಾಳ. ರಾಳ ಕಾಯಿಸಿ, ಎಣ್ಣೆ ಬೆರೆಸಿ, ಹತ್ತಿಯ ಜೊತೆ ತುರುಕಿದ್ದಾರೆ. ಗಂಗೊಳ್ಳಿಯಲ್ಲಿ ಇವರ ಅಜ್ಜ ಮರದ ದೋಣಿಯ ಸಂದಿಗೆ ಹಾಕುತ್ತಿದ್ದದ್ದು. ಮರ ನೀರು ಕುಡಿದು ಉಬ್ಬುತ್ತದೆ, ಹತ್ತಿಯನ್ನು ಕಚ್ಚಿ ಹಿಡಿಯುತ್ತದೆ. ಈ ದೋಣಿ ಫೈಬರಿನದು, ಕಿಟಕಿ ಪ್ಲಾಸ್ಟಿಕ್ಕಿನದು. ಎರಡಕ್ಕೂ ಹಲ್ಲಿಲ್ಲ.

ಭೀಮು ಬೆರಳಿಂದ ಮುಟ್ಟಿ, "ಅಕ್ಕಾರ, ಇದೇನ್ರಿ, ಶೇಂಗಾ ಚಿಕ್ಕಿ ಹಾಕ್ಯಾರೇನ್ರಿ ಸಾವ್ಕಾರ್ರು?" ಎಂದ.

ನಗು ಬಂತು. ನಗಲಿಲ್ಲ.

ಮೇ 7, ಬುಧವಾರ

ಕೆರೆಯುವುದು, ಕೆರೆಯುವುದು. ಭೀಮು ನಾಲ್ಕೂ ಹಳೆಯ ಹಾಳೆಗಳನ್ನು ಅಳತೆಗೆ ಒಯ್ದಿದ್ದಾನೆ. ನಾನೊಬ್ಬಳೇ ಕಿಟಕಿಯ ಅಂಚಿನಲ್ಲಿ ಅಂಟಿದ ರಾಳ ಕೆರೆಯುತ್ತಾ ಕೂತೆ. ಚಾಕುವಿಗೆ ಬಗ್ಗದೆ, ಕೊನೆಗೆ ದೋಸೆಕಲ್ಲು ಕೆರೆಯುವ ಮೊಗಚುವ ಕೈಯೇ ತಂದೆ. ಒಂದೊಂದು ಕೆರೆತಕ್ಕೂ ಒಂದೊಂದು ನೆನಪು. ಸುಖೇಶ್ ಹುಟ್ಟಿದಾಗ ಆಸ್ಪತ್ರೆಗೆ ಬರಲು ಇವರಿಗೆ ಸಾಯಂಕಾಲದ ವಡೆ ಮುಗಿಯಬೇಕಾಗಿತ್ತು. ಕೆರೆದೆ. ನನ್ನ ತಂಗಿಯ ಮದುವೆಗೆ ಬಸ್ಸಿನಲ್ಲಿ ಒಬ್ಬಳನ್ನೇ ಕಳಿಸಿದರು. ಕೆರೆದೆ. ಅರೆಯುವ ಕೋಣೆಗೆ ಮೊದಲು ಒಂದು ಕಿಟಕಿ ಇತ್ತು. ಬೇಳೆ ಡಬ್ಬಿ ಇಡಲು ಜಾಗ ಸಾಲದು ಎಂದು ಇಟ್ಟಿಗೆ ಹಾಕಿ ಮುಚ್ಚಿ ಹಲಗೆ ಹೊಡೆಸಿದರು. ನಾನು ತವರಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಅದಕ್ಕೆ ಎರಡು ಸಲ ಕೆರೆದೆ.

ಮನೆಗೆ ಬಂದರೆ ಸುಖೇಶ್, "ಅಮ್ಮ, ಚಟ್ನಿ ಇವತ್ತ್ ನೀರಾಯಿತ್ತ್, ಗಿರಾಕಿ ಕೇಂತ್ರ್" ಎಂದ. ಹೆಂಡತಿ ಸತ್ತರೂ ಗಿರಾಕಿಗೆ ಚಟ್ನಿ ಆಗಬೇಕು, ಈ ವಂಶಕ್ಕೆ.

ಮೇ 8, ಗುರುವಾರ

ಕೈ ತುಂಬ ಬೊಬ್ಬೆ. ಹೋಗಿ ಕೆರೆದೆ.

ಮೇ 12, ಸೋಮವಾರ

ಹೊಸ ಹಾಳೆ ಬಂತು. ಎಷ್ಟು ತಿಳಿ ಎಂದರೆ ಮೇಲಿನ ಕಾಗದ ಸುಲಿದರೆ ಅಲ್ಲಿ ಹಾಳೆ ಇದೆ ಎಂದೇ ತಿಳಿಯುವುದಿಲ್ಲ.

ಬೆಳಿಗ್ಗೆ ಹೊರಡುವಾಗ ಇವರು ಮೆಟ್ಟಿಲ ಮೇಲೆ ನಿಂತು, "ಬೋಲ್ಟ್ ಬಿಗಿ ಮಾಡ್ಬೇಡ ಮಾರಾಯ್ತಿ. ತೂತು ಬೋಲ್ಟಿಗಿಂತ ದೊಡ್ಡದಿರ್ಕ್. ಬಿಸ್ಲಿಗೆ ಹಾಳೆ ಹಿಗ್ಗತ್ತ್, ಅದ್ಕೆ ಜಾಗ ಬೇಕ್" ಎಂದರು. ಮೊಬೈಲಿನಲ್ಲಿ ನೋಡಿದ್ದಂತೆ. ರಾಳ ತುರುಕಿದವರ ಬಾಯಿಂದ ಬುದ್ಧಿ. ನಾನು ಕೇಳದವಳಂತೆ ಟೆಂಪೊ ಹತ್ತಿದೆ.

ಕಿಟಕಿಯ ಸುತ್ತ ಟೇಪು ಹಚ್ಚಿ, ಕಪ್ಪು ಸೀಲೆಂಟ್ ಹಿಂಡಿ, ಹಾಳೆ ಒತ್ತಿದೆವು. ಭೀಮು ಹೊರಗಿನಿಂದ ಬೋಲ್ಟ್ ಹಿಡಿದ, ನಾನು ಒಳಗಿನಿಂದ ನಟ್ಟು ತಿರುಗಿಸಿದೆ. ತೂತಿನಲ್ಲಿ ಬೋಲ್ಟ್ ಬಿಗಿಯಾಗಿಯೇ ಕೂತಿತ್ತು, ಅದೇ ಚಂದ ಎಂದುಕೊಂಡೆವು. ಒಂದು ಹನಿಯೂ ಬರಬಾರದಲ್ಲ. ಗ್ರೈಂಡರಿನ ನಟ್ಟು ಬಿಗಿ ಮಾಡಿ ಬಂದ ಕೈ ಇದು. ಬೇಳೆ ಡಬ್ಬಿ ನೆನೆಸಿಕೊಂಡು ತಿರುಗಿಸಿದೆ. ಕಪ್ಪು ಅಂಟೆಲ್ಲ ಹಿಂಡಿ ಹೊರಗೆ ಬಂತು. ಒಂದು ಕಿಟಕಿ ಮುಗಿಸಿ ಟೆಂಪೊದ ನೆರಳಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆವು. ಬಿಸಿಲು ನೆತ್ತಿಗೆ ಬಂದಿತ್ತು. ಟಕ್ ಎಂದಿತು.

ಮೂಲೆಯಿಂದ ಮೂಲೆಗೆ ಸೀಳು.

ಭೀಮು ಚಪ್ಪಲಿ ನೋಡುತ್ತಾ, "ಹೋಗ್ಲಿ ಬಿಡ್ರಿ ಅಕ್ಕಾರ, ಬೋರ್ಡಿಗೆ ನಾನೂ ಹಂಗ ಮಾಡ್ತೀನ್ರಿ. ಅದು ನೆಳ್ಳಾಗ ಇರ್ತದ, ಇದು ಬಿಸಲಾಗ ಅದ" ಎಂದ.

ಮನೆಗೆ ಬಂದು ಹೇಳಿದೆ. ಇವರು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಅನ್ನದಿದ್ದದ್ದಕ್ಕೆ ಸಿಟ್ಟು ಇನ್ನೂ ಏರಿತು. ಹೇಳಿದ್ದೆನಲ್ಲ ಎಂದು ಬಾಯಲ್ಲಿ ಹೇಳದೆ ಕಣ್ಣಲ್ಲಿ ಹೇಳುವ ಗಂಡಸರಿಗೆ ಯಾವ ಪ್ಲಾಸ್ಟರ್ ಹಾಕಬೇಕೋ.

ಮೇ 13, ಮಂಗಳವಾರ

ಹೋಗಲಿಲ್ಲ. ಚಟ್ನಿ ಗಟ್ಟಿಯಾಗಿತ್ತು. ಯಾರೂ ಹೇಳಲಿಲ್ಲ.

ಮೇ 17, ಶನಿವಾರ

ಒಡೆದ ಹಾಳೆಗೆ ಬದಲು ಬಂತು. ನಾಲ್ಕಕ್ಕೂ ಭೀಮು ತೂತು ದೊಡ್ಡದು ಮಾಡಿದ್ದಾನೆ. ಸೀಲೆಂಟನ್ನು ಈ ಸಲ ದಪ್ಪವಾಗಿ, ಚಕ್ಕುಲಿ ಒತ್ತಿದ ಹಾಗೆ ಸುತ್ತಲೂ ಹಿಂಡಿದೆ. ಹಾಳೆ ಇಟ್ಟು, ನಟ್ಟು ಬೆರಳಿಂದಲೇ ತಿರುಗಿಸುತ್ತಾ ಹೋಗುವುದು. ಕಪ್ಪು ಅಂಚು ಎಲ್ಲ ಕಡೆ ಒಂದೇ ಸಮ ಇಣುಕಿತು ಎನ್ನುವಾಗ ನಿಲ್ಲಿಸಬೇಕು. ನಿಲ್ಲಿಸುವುದೇ ಕಷ್ಟ, ಕೈ ಕೇಳುವುದಿಲ್ಲ. ಮತ್ತೆ ವಾರ ಕಾಲ ಮುಟ್ಟುವ ಹಾಗಿಲ್ಲ. ಅಂಟು ಗಟ್ಟಿಯಾದ ಮೇಲೆ ಸ್ವಲ್ಪವೇ ಸ್ವಲ್ಪ ತಿರುಗಿಸುವುದು.

ನಾಲ್ಕೂ ಕೂತವು. ಭೀಮು ಬೇರೆ ಕೆಲಸವಿದೆ ಎಂದು ಹೋದ, ಸಂಜೆ ಕರೆದೊಯ್ಯುತ್ತೇನೆ ಎಂದ. ಕೊಳೆತ ಹಾಸಿಗೆ ಎಸೆದಾಗಿತ್ತು, ಹಲಗೆಯ ಮೇಲೆ ಕಾಲು ಚಾಚಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಯಾರದೋ ಎಮ್ಮೆ. ಎಮ್ಮೆ ನನ್ನನ್ನು ನೋಡಿತು, ನಾನು ಎಮ್ಮೆಯನ್ನು ನೋಡಿದೆ. ಅದಕ್ಕೆ ಚಟ್ನಿ ಬೇಕಿರಲಿಲ್ಲ.

ನಿದ್ದೆ ಬಂದುಬಿಟ್ಟಿತ್ತು. ಹೀಗೆ ಹೊತ್ತು ಹಾಳು ಮಾಡಿಸುವ ದೋಣಿ ಇದು. ಬೇಗ ತೊಲಗಲಿ.

ಮೇ 21, ಬುಧವಾರ

ಅಂಟು ಗಟ್ಟಿಯಾಯಿತೇ ಎಂದು ನೋಡಲು ಹೋದೆ. ನೋಡುವುದು ಏನೂ ಇರಲಿಲ್ಲ. ಆದರೂ ನೋಡಬೇಕಲ್ಲ. ಒಂದು ತಲೆದಿಂಬು, ಒಂದು ಚಾಪೆ, ಚಹಾದ ಫ್ಲಾಸ್ಕು ಒಯ್ದಿದ್ದೆ. ಹಳೆಯ ಹಸಿರು ಸೀರೆ ಹರಿದು ನಾಲ್ಕು ಕಿಟಕಿಗೂ ಪರದೆ ಹೊಲಿದಿದ್ದೆ, ಅಪ್ಪಾಸಾಹೇಬರಿಗೆ ಚಂದ ಕಾಣಲಿ ಎಂದು.

ಮಧ್ಯಾಹ್ನ ಗುಡುಗು. ನಾಲ್ಕು ದಪ್ಪ ಹನಿ ಬಿದ್ದು ನಿಂತಿತು. ಹೊರಗೆ ಹಾಳೆಯ ಮೇಲೆ ಹನಿ ಇಳಿಯುತ್ತಿತ್ತು, ನಾನು ಒಳಗಿನಿಂದ ಬೆರಳಿಟ್ಟು ಅದರ ಜೊತೆಗೇ ಇಳಿಸಿದೆ. ಒಣ.

ಮನೆಗೆ ಬಂದರೆ ಸುಖೇಶ್ ಮುಖ ಊದಿಸಿಕೊಂಡು, ದಿನಾ ಎಂತಕ್ಕೆ ಹೋತ್ರಿ ಎಂದ. ನಿನ್ನ ಅಪ್ಪನ ಎರಡನೇ ಸಂಸಾರ ತೊಲಗಿಸಲು ಎಂದೆ.

ಮೇ 24, ಶನಿವಾರ

ಇವತ್ತು ಇವರೂ ಬಂದರು. ಬರಬೇಡಿ ಎಂದರೂ ಟೆಂಪೊ ಹತ್ತಿ ಕೂತರು. ಒಂದು ಕೈಯಲ್ಲಿ ಏಣಿ ಹತ್ತುವಾಗ ನಾನು ಕೆಳಗಿನಿಂದ ತಳ್ಳಿದೆ, ಭೀಮು ಮೇಲಿನಿಂದ ಎಳೆದ.

ನಾನು ಕೊನೆಯ ಸುತ್ತು ತಿರುಗಿಸಿದೆ. ಸುತ್ತು ಎಂದರೆ ಸುತ್ತಲ್ಲ, ಬೆರಳು ಸ್ವಲ್ಪ ಸರಿದರೆ ಸಾಕು. ಇವರು ನೋಡುತ್ತಾ ಕೂತಿದ್ದರು. ಪರದೆ ನೋಡಿದರು. ದಿಂಬು ನೋಡಿದರು. ಒಂದೊಂದು ಕಿಟಕಿಯ ಅಂಚಿಗೂ ಎಡಗೈ ಹೆಬ್ಬೆರಳು ಒತ್ತಿಕೊಂಡು ಹೋದರು. ಆಮೇಲೆ ಹೇಳಿದರು.

"ನೀ ಹೇಳದ್ದೇ ಸಮ, ಉಮಾ. ಈ ಪ್ರಾಯಕ್ಕೆ ನಂಗ್ ಇದ್ ಬೇಡ. ಕೊಟ್ಬಿಡುವ."

ನನಗೆ ಎಲ್ಲಿತ್ತೋ ಸಿಟ್ಟು. "ಈಗ ಬೇಡ್ವಾ? ಎರಡ್ ವರ್ಷ ನಾ ಬೊಬ್ಬೆ ಹೊಡುವತಿಗೆ ಬೇಕಿತ್ತ್. ನಾ ಕೈಯೆಲ್ಲ ಬೊಬ್ಬೆ ಬರಿಸ್ಕಂಡ ಮೇಲೆ ಬೇಡ್ವಾ?"

"ನೀನೇ ಅಲ್ದಾ ವೀಳ್ಯ ಕೊಟ್ಟದ್ದ್?"

ಹೌದು, ನಾನೇ. ಕೊಟ್ಟದ್ದು ನಾನೇ ಎಂಬುದಕ್ಕೆ ಇವರ ಮೇಲೆ ಇನ್ನಷ್ಟು ಸಿಟ್ಟು ಬಂತು. ದೋಣಿಯಲ್ಲಿ ಜೋರಾಗಿ ಮಾತನಾಡಿದ್ದು ಅದೇ ಮೊದಲು, ಕೆರೆಯ ಆಚೆ ದಡಕ್ಕೆ ಕೇಳಿರಬೇಕು. ಭೀಮು ಎಮ್ಮೆಯ ಕಡೆ ಹೋಗಿ ನಿಂತಿದ್ದ.

ಮೇ 26, ಸೋಮವಾರ

ಬೆಳಗಿನಿಂದ ಮಳೆ. ಹೊಯ್ಯುತ್ತಿದೆ. ಮೇ ತಿಂಗಳಲ್ಲಿ ಇಂಥ ಮಳೆ ಈ ಊರಲ್ಲಿ ನಾನು ಕಂಡಿಲ್ಲ. ಇನ್ನೊಂದು ವಾರ ತಡೆದು ಬಂದಿದ್ದರೆ ಇದರ ಗಂಟೇನು ಹೋಗುತ್ತಿತ್ತು.

ಅಪ್ಪಾಸಾಹೇಬರು ಜೀಪಿನಲ್ಲಿ ಬಂದರು, ನಾನು, ಇವರು, ಅವರು, ಮೂವರೂ ಒಳಗೆ ಕೂತೆವು. ನಾಲ್ಕು ಕಡೆಯೂ ನೀರು ಹರಿದು ಹೋಗುತ್ತಿತ್ತು. ಅವರು ಕರವಸ್ತ್ರ ತೆಗೆದು ಒಂದೊಂದು ಕಿಟಕಿಯ ಕೆಳಗೂ ಒರೆಸಿ ನೋಡಿದರು. ಕರವಸ್ತ್ರ ಒಣ. ಚಾಪೆ ಒಣ. ನಿಜ ಬರೆಯುತ್ತೇನೆ, ಒಂದು ಕಿಟಕಿಯಾದರೂ ಸೋರಲಿ ಎಂದು ಕುಂದೇಶ್ವರನಿಗೆ ಹರಕೆ ಹೊತ್ತೆ. ನಾನೇ ಹಚ್ಚಿದ ಅಂಟು, ದೇವರ ಮಾತೂ ಕೇಳಲಿಲ್ಲ.

"ಛಾನ್", ಚೆನ್ನಾಗಿದೆ ಎಂದರು ಅಪ್ಪಾಸಾಹೇಬರು. ಆಮೇಲೆ ಸುತ್ತ ನೋಡುತ್ತಾ, ಏಸಿ ಇಲ್ಲಿ ಕೂರಿಸಬೇಕು, ಪ್ರವಾಸಿಗಳಿಗೆ ಕತ್ತಲು ಬೇಕು, "ಹ್ಯಾ ಖಿಡಕ್ಯಾ ಬಂದ್ ಕರೂನ್ ಟಾಕೂ" ಎಂದರು. ಈ ಕಿಟಕಿಗಳನ್ನು ಮುಚ್ಚಿಬಿಡೋಣ. ಪ್ಲೈವುಡ್ ಹೊಡೆದರೆ ಆಯಿತಂತೆ.

ನನ್ನ ಕಿವಿಯಲ್ಲಿ ಮಳೆ ನಿಂತ ಹಾಗಾಯಿತು. ಬೇಳೆ ಡಬ್ಬಿಯ ಹಲಗೆ ಕಣ್ಣಿಗೆ ಬಂತು. ಕೊಡುವುದಿಲ್ಲ ಎನ್ನಬಹುದಿತ್ತು. ಪಾನ್ ಜಗಿದು ಹೋದ ಮನುಷ್ಯನಿಗೆ ವೀಳ್ಯ ಎಂದರೆ ಏನು ಗೊತ್ತು. ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಇವರು ನನ್ನ ಮುಖ ನೋಡುತ್ತಿದ್ದರು, ನಾನು ಬೇಡ ಎಂದರೆ ಇವರೂ ಬೇಡ ಎನ್ನುವ ಮುಖ. ಅದನ್ನು ನೋಡಿ ಬಾಯಿಗೆ ಬಂದದ್ದನ್ನು ನುಂಗಿದೆ.

ಮರಾಠಿಯಲ್ಲಿ ಹೇಳಿದೆ. ದೋಣಿ ನಿಮ್ಮದು, ಮಾತು ಕೊಟ್ಟಾಗಿದೆ. ಮುಚ್ಚುವುದೇ ಆದರೆ ಕಿಟಕಿ ನನಗೆ ಬೇಕು. ನಾಲ್ಕೂ.

ಅಪ್ಪಾಸಾಹೇಬರು ನಕ್ಕರು. ವಹಿನಿ, ನಾಲ್ಕು ಪ್ಲಾಸ್ಟಿಕ್ ತುಂಡು ಒಯ್ಯಿರಿ, ಅದಕ್ಕೇನು ಎಂದರು.

ಮೇ 29, ಗುರುವಾರ

ನಾನೇ ಬಿಚ್ಚಿದೆ. ಅಂಟು ಬಿಡಲೊಲ್ಲದು. ತಂತಿ ತೂರಿಸಿ ಎಳೆದು ಕತ್ತರಿಸಬೇಕಾಯಿತು. ಅಷ್ಟು ಗಟ್ಟಿಯಾಗಿ ಹಿಡಿದಿತ್ತು. ಒಂದಕ್ಕೂ ಗೀರು ಬೀಳಲಿಲ್ಲ.

ತೂತಿನ ಮೇಲೆ ಟಾರ್ಪಾಲು ಹೊದೆಸಿ ದೋಣಿಯನ್ನು ಲಾರಿಗೆ ಏರಿಸಿದರು. ಇವರು ಲಾರಿ ತಿರುವು ದಾಟುವ ತನಕ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಆಗಲಿ. ನನ್ನ ಕಣ್ಣಿಗೂ ಥಿನ್ನರಿನ ವಾಸನೆ ಹೊಡೆದಿತ್ತು.

ಎಮ್ಮೆ ಬಂದಿರಲಿಲ್ಲ.

ಜೂನ್ 8, ಭಾನುವಾರ

ಬೆಳಿಗ್ಗೆ ತಿಂಡಿಯ ಗದ್ದಲದ ನಡುವೆ ಭೀಮು ಸುತ್ತಿಗೆ ಹಿಡಿದು ಬಂದ. ಜೊತೆಗೆ ಗೌಂಡಿ. ಸುಖೇಶ್, "ಅಮ್ಮ, ಇವತ್ತ್ ಭಾನುವಾರ, ಗಿರಾಕಿ ತುಂಬಿದ್ರ್" ಎಂದು ಅಡ್ಡ ನಿಂತ. ಭಾನುವಾರವೇ ಆಗಬೇಕು ಎಂದೆ.

ಬೇಳೆ ಡಬ್ಬಿಗಳನ್ನು ಯಾರು ಇಳಿಸುವುದು ಎಂದು ನೋಡುವಷ್ಟರಲ್ಲಿ ಇವರು ಇಳಿಸಲು ಶುರುಮಾಡಿದ್ದರು. ಪ್ಲಾಸ್ಟರ್ ತೆಗೆದದ್ದು ಮೊನ್ನೆ, ಕೈ ಇನ್ನೂ ಒಣಕಲು. ಯಾರೂ ಹೇಳಿರಲಿಲ್ಲ. ಹಲಗೆ ತಾವೇ ಕಿತ್ತರು, ತಾವೇ ಗೋಡೆ ತಟ್ಟಿ, "ಹಳೆ ಕಿಟ್ಕಿ ಇಲ್ಲೇ ಇದ್ದದ್ದ್" ಎಂದು ಸುಣ್ಣದಲ್ಲಿ ಗೆರೆ ಎಳೆದರು. ನೆನಪಿದೆ ಹಾಗಾದರೆ. ಇಷ್ಟು ವರ್ಷ ನೆನಪಿದ್ದೂ ಬಾಯಿ ಬಿಡದ ಮನುಷ್ಯ. ಬೈಯಬೇಕು ಎಂದುಕೊಂಡೆ, ಕೈ ತುಂಬ ಕೆಲಸವಿತ್ತು.

ಗೌಂಡಿ ಇಟ್ಟಿಗೆ ಬಿಚ್ಚಿದ. ಭೀಮು ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ, "ಇನ್ನ ನೀವ ಮಾಡ್ರಿ ಅಕ್ಕಾರ, ನಿಮ್ಮ ಕೆಲಸ ನಿಮಗ ಚಂದ" ಎಂದು ಹಿಂದೆ ಸರಿದ. ನಾನು ಟೇಪು ಹಚ್ಚಿದೆ, ಅಂಟು ಹಿಂಡಿದೆ, ಹಾಳೆ ಒತ್ತಿದೆ. ಹೊರಗೆ ಮೋರಿಯ ಪಕ್ಕ, ಮಳೆಯಲ್ಲಿ, ತಲೆಗೆ ಸಕ್ಕರೆ ಚೀಲ ಹಾಕಿಕೊಂಡು ಬೋಲ್ಟ್ ಹಿಡಿದು ನಿಂತವರು ಇವರು. ಹಾಳೆಯ ಆಚೆ ಇವರ ಮುಖ, ಈಚೆ ನಾನು. ನಾನು ತಿರುಗಿಸಿದೆ. ಕಪ್ಪು ಅಂಚು ಇಣುಕಿದಾಗ ನಿಲ್ಲಿಸಿದೆ. ಬಿಗಿ ಮಾಡಬೇಡ ಎಂದು ಇವರು ಹೇಳಲಿಲ್ಲ.

ಕಾಣುವುದೇನು ಮಹಾ. ಎದುರಿನ ಕಟ್ಟಡದ ಗೋಡೆ, ಒಂದು ಪೈಪು, ಯಾರದೋ ಒಣಗದ ಟವೆಲು. ಗೋಡೆಯ ಮೇಲೆ ಮಳೆ ಇಳಿಯುತ್ತಿತ್ತು. ಅರೆಯುವ ಕಲ್ಲಿನ ಮೇಲೆ ಬೆಳಕು ಬಿದ್ದಿತ್ತು, ಅದರ ಬಣ್ಣ ಕಪ್ಪಲ್ಲ, ಬೂದಿ ಎಂದು ಇವತ್ತು ಗೊತ್ತಾಯಿತು. ಒಳಗೆ ಒಂದು ಹನಿ ಬರಲಿಲ್ಲ. ಇನ್ನೂ ಮೂರು ಕಿಟಕಿ ಮಂಚದ ಕೆಳಗಿವೆ. ಗೋಡೆಗಳೂ ಇವೆ.

ಸುಖೇಶ್ ಮುಂದಿನಿಂದ, ಅಮ್ಮ, ಚಟ್ನಿ ಎಂದು ಕೂಗಿದ. ಮತ್ತೆ ಕೂಗಿದ.

"ತಡಿ ಮಾರಾಯ, ನಾ ಹೊರ್ಗ್ ಕಾಂತಾ ಇದ್ದೆ" ಎಂದು ಕೂಗಿದೆ, ಕಿಟಕಿಯಿಂದ ಕಣ್ಣು ತೆಗೆಯದೆ, ಇದ್ದ ಸ್ವರವೆಲ್ಲ ತೆಗೆದು.

ಗಿರಾಕಿಗಳಿಗೆ ಕೇಳಿರಬೇಕು. ಕೇಳಲಿ.